ಕಾಗದದ ಮರದ ಹೆಸರು

1964ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಜಕರಾಂಡ ಪ್ರೆಸ್ ಒಂದು ತೆಳ್ಳನೆಯ ಕವನ ಸಂಕಲನವನ್ನು ಹೊರತಂದಿತು. ಹೆಸರು ‘ವಿ ಆರ್ ಗೋಯಿಂಗ್’, ಅಂದರೆ ‘ನಾವು ಹೊರಟಿದ್ದೇವೆ’. ಬರೆದವರು ಕ್ಯಾತ್ ವಾಕರ್, ಹದಿಮೂರನೆಯ ವಯಸ್ಸಿಗೆ ಶಾಲೆ ಬಿಟ್ಟು ಪರರ ಮನೆಯಲ್ಲಿ ಕಸ ಮುಸುರೆಗೆ ನಿಂತಿದ್ದ ಹೆಂಗಸು. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ಕವಿತೆಗಳು ಪುಸ್ತಕವಾಗಿ ಅಚ್ಚಾದದ್ದು ಅದೇ ಮೊದಲು. ಪುಸ್ತಕ ಕೈಯಿಂದ ಕೈಗೆ ಹೋಯಿತು, ಮತ್ತೆ ಮತ್ತೆ ಮುದ್ರಣ ಕಂಡಿತು. ವಿಮರ್ಶಕರಲ್ಲಿ ಹಲವರು ಮಾತ್ರ ಮುಖ ಸಿಂಡರಿಸಿದರು. ಇದು ಪ್ರಚಾರ, ಕಾವ್ಯವಲ್ಲ ಎಂದರು ಕೆಲವರು. ಮೂಲನಿವಾಸಿ ಹೆಂಗಸೊಬ್ಬಳು ಇದನ್ನು ತಾನೇ ಬರೆದಿರಲು ಸಾಧ್ಯವೇ ಎಂದು ಸಂಶಯಪಟ್ಟವರೂ ಇದ್ದರು. ಈ ಎರಡು ಆಕ್ಷೇಪಗಳು ಮೇಲುನೋಟಕ್ಕೆ ಬೇರೆಬೇರೆ. ಆದರೆ ಎರಡರ ಬೇರೂ ಒಂದೇ: ಇಂಥವರ ಬಗ್ಗೆ ಬರೆಯುವುದು ಉಂಟು, ಇಂಥವರು ಬರೆಯುವುದು ಇಲ್ಲ ಎಂಬ ನೂರು ವರ್ಷಗಳ ರೂಢಿ. ಮುಂದೆ ಊಡ್ಜರೂ ನೂನಕಲ್ ಎಂಬ ಹೆಸರು ತಳೆದ ಈ ಹಿರಿಯಳ ಬದುಕಿನ ಸಾಧನೆಯನ್ನು ಹೋರಾಟಗಾರ್ತಿಯ ಖಾತೆಗೆ ಅರ್ಧ, ಕವಿಯ ಖಾತೆಗೆ ಅರ್ಧ ಎಂದು ಹಂಚಿ ಹೇಳುವುದು ವಾಡಿಕೆ. ಹಾಗೆ ಹಂಚುವುದೇ ತಪ್ಪು ಎಂಬುದು ನನ್ನ ವಾದ. ಅವರು ಜೀವಮಾನವಿಡೀ ಮಾಡಿದ್ದು ಒಂದೇ ಕೆಲಸ. ತಮ್ಮ ಜನರ ಬಗ್ಗೆ ಬರೆಯುವ ಹಕ್ಕನ್ನು ಇನ್ನೊಬ್ಬರ ಕೈಯಿಂದ ತಮ್ಮವರ ಕೈಗೆ ತಂದದ್ದು. ಕವಿತೆ, ಮನವಿಪತ್ರ, ಮಕ್ಕಳ ಕತೆ, ಕೊನೆಗೆ ಹೆಸರು ಬದಲಾಯಿಸಿಕೊಂಡದ್ದು, ಎಲ್ಲವೂ ಅದೇ ಕೆಲಸದ ಕವಲುಗಳು.

ಈ ಮಾತಿನ ತೂಕ ತಿಳಿಯಬೇಕಾದರೆ ಆ ನಾಡಿನ ಕಡತಗಳ ಕತೆ ತಿಳಿಯಬೇಕು. 1897ರಲ್ಲಿ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಸರ್ಕಾರ ಮೂಲನಿವಾಸಿಗಳ ‘ರಕ್ಷಣೆ’ಗೆಂದು ಒಂದು ಕಾಯಿದೆ ತಂದಿತು. ಅಫೀಮು ಮಾರಾಟದ ನಿರ್ಬಂಧವನ್ನೂ ಅದೇ ಕಾಯಿದೆಗೆ ಸೇರಿಸಿತ್ತು. ಇದರ ಜಾರಿಗೆ ‘ರಕ್ಷಕ’ ಎಂಬ ಅಧಿಕಾರಿಗಳು ನೇಮಕವಾದರು. ಕಾಯಿದೆಯ ವ್ಯಾಪ್ತಿಗೆ ಬಂದವರು ಎಲ್ಲಿ ವಾಸಿಸಬೇಕು, ಯಾರ ಬಳಿ ದುಡಿಯಬೇಕು, ಯಾರನ್ನು ಮದುವೆಯಾಗಬೇಕು ಎಂಬುದೆಲ್ಲ ಅಧಿಕಾರಿಯ ಅಪ್ಪಣೆಗೆ ಕಾಯುವ ವಿಷಯಗಳಾದವು. ದುಡಿದವರ ಕೂಲಿ ಅವರ ಕೈಗೆ ಬಾರದೆ ಅಧಿಕಾರಿಯ ಹಿಡಿತದ ಖಾತೆಗೆ ಹೋಗುತ್ತಿತ್ತು. ತಮ್ಮದೇ ದುಡ್ಡಿಗೆ ಅವರು ಅರ್ಜಿ ಹಾಕಬೇಕಿತ್ತು. ಇಷ್ಟೆಲ್ಲ ನಡೆಯಬೇಕಾದರೆ ಕಾಗದ ಬೇಕು. ಮಗು ಹುಟ್ಟಿದರೆ ಒಂದು ನಮೂದು, ಊರು ಬಿಟ್ಟರೆ ಒಂದು ನಮೂದು, ಮೈಯಲ್ಲಿ ಎಷ್ಟು ಪಾಲು ಯಾವ ರಕ್ತವಿದೆ ಎಂದು ಅಳೆಯುವ ನಮೂದು. ಭೂಮಿಯ ಮೇಲೆ ಇವರಷ್ಟು ದಾಖಲಾದ ಜನ ಕಡಿಮೆ, ಇವರಷ್ಟು ಕಡಿಮೆ ಕೇಳಿಸಿಕೊಳ್ಳಲ್ಪಟ್ಟ ಜನವೂ ಕಡಿಮೆ. ಊಡ್ಜರೂ ಅವರ ತಾಯಿ ಲೂಸಿ ಈ ವ್ಯವಸ್ಥೆಯ ಕೂಸು. ತಾಯಿ ಮೂಲನಿವಾಸಿ, ತಂದೆ ಸ್ಕಾಟ್ಲೆಂಡಿನವ. ಹತ್ತು ವರ್ಷದ ಹುಡುಗಿಯನ್ನು ಮನೆಯಿಂದ ತಂದು ಬ್ರಿಸ್ಬೇನಿನ ಒಂದು ಆಶ್ರಮದಲ್ಲಿ ಸೇರಿಸಿದರು, ಆಮೇಲೆ ಮನೆಗೆಲಸಕ್ಕೆ ಕಳಿಸಿದರು. ಓದು ಬರಹ ಮಾತ್ರ ಕಲಿಸಲಿಲ್ಲ. ಪಾತ್ರೆ ತೊಳೆಯುವ ಕೈಗೆ ಅಕ್ಷರ ಯಾಕೆ ಎಂಬುದು ಆ ಕಾಲದ ತರ್ಕ. ತನ್ನ ಬಗ್ಗೆ ಯಾರು ಏನು ಬರೆದರೂ ಅದನ್ನು ಓದಲಾರದ ತಾಯಿ, ತನ್ನವರ ಬಗ್ಗೆ ತಾನೇ ಬರೆದ ಮಗಳು: ಈ ಒಂದು ತಲೆಮಾರಿನ ಅಂತರದಲ್ಲಿ ನಾನು ಹೇಳಹೊರಟ ಚರಿತ್ರೆ ಇದೆ.

ಮಗಳು ಹುಟ್ಟಿದ್ದು 1920ರ ನವೆಂಬರ್ 3ರಂದು. ಬೆಳೆದ ಊರು ಮಿಂಜೆರಿಬಾ, ಬ್ರಿಸ್ಬೇನಿಗೆ ಎದುರಾಗಿ ಮೋರ್ಟನ್ ಕೊಲ್ಲಿಯಲ್ಲಿ ಉದ್ದಕ್ಕೆ ಚಾಚಿಕೊಂಡ ಮರಳಿನ ದ್ವೀಪ. ಬಿಳಿಯರ ನಕ್ಷೆಯಲ್ಲಿ ಅದು ನಾರ್ತ್ ಸ್ಟ್ರಾಡ್‌ಬ್ರೋಕ್. ಕೊಲ್ಲಿಗೂ ಅಲ್ಲಿನ ಜನಕ್ಕೂ ಸ್ವಂತ ಹೆಸರು ಕ್ವಾಂಡಮೂಕ. ಇಟ್ಟ ಹೆಸರು ಕ್ಯಾತ್ಲೀನ್ ಜೀನ್ ಮೇರಿ ರಸ್ಕ. ತಂದೆ ಟೆಡ್ ರಸ್ಕ ನೂನಕಲ್ ಕುಲದವರು, ಅವರ ಕುಲಲಾಂಛನ ಕಾರ್ಪೆಟ್ ಹಾವು, ಅಂದರೆ ಹೆಬ್ಬಾವಿನ ಜಾತಿಯ ವಿಷವಿಲ್ಲದ ಹಾವು. ದ್ವೀಪದ ಡನ್ವಿಚ್ ಎಂಬಲ್ಲಿ ಸರ್ಕಾರ ವೃದ್ಧರಿಗೂ ದಿಕ್ಕಿಲ್ಲದವರಿಗೂ ಒಂದು ದೊಡ್ಡ ಆಶ್ರಮ ನಡೆಸುತ್ತಿತ್ತು. ಟೆಡ್ ಅಲ್ಲಿ ದುಡಿಯುತ್ತಿದ್ದರು. ಮೂಲನಿವಾಸಿ ಕೂಲಿಗಳಿಗೆ ಸರಿಯಾದ ಸಂಬಳ ಕೊಡದ ಆ ವ್ಯವಸ್ಥೆಯ ವಿರುದ್ಧ 1935ರಲ್ಲಿ ನಡೆದ ಮುಷ್ಕರದಲ್ಲಿ ಅವರೂ ಇದ್ದರು. ಅಪ್ಪ ಮಕ್ಕಳಿಗೆ ಮೀನು ಹಿಡಿಯುವುದನ್ನೂ ಬೇಟೆಯನ್ನೂ ಅದರ ಕಟ್ಟುಪಾಡನ್ನೂ ಕಲಿಸಿದರು. ತಿನ್ನುವುದಕ್ಕಲ್ಲದೆ ಕೊಲ್ಲಬಾರದು. ಒಮ್ಮೆ ಕವಣೆಯ ಕಲ್ಲು ಒಂದು ಕೂಕಬರ ಹಕ್ಕಿಯ ಜೀವ ತೆಗೆದಾಗ ಮಕ್ಕಳಿಗೆ ಬೇಟೆಯೇ ನಿಷಿದ್ಧವಾಯಿತು. ಶಾಲೆಯ ಶಿಕ್ಷೆ ಬೇರೆ ತರದ್ದು. ಕ್ಯಾತ್ ಎಡಚಿ. ಡನ್ವಿಚ್ ಸರ್ಕಾರಿ ಶಾಲೆಯಲ್ಲಿ ಎಡಗೈಯಲ್ಲಿ ಬಳಪ ಹಿಡಿದರೆ ಬೆರಳಗೆಣ್ಣಿಗೆ ಏಟು ಬೀಳುತ್ತಿತ್ತು, ಬಲಗೈಯಲ್ಲೇ ಬರೆಯಬೇಕಿತ್ತು. ಆ ಕಾಲದಲ್ಲಿ ಬಿಳಿಯ ಮಕ್ಕಳಿಗೂ ಈ ಏಟು ತಪ್ಪಿದ್ದಲ್ಲ. ಆದರೂ ಬರೆಯುವ ಕೈ ಯಾವುದೆಂದು ಇನ್ನೊಬ್ಬರು ತೀರ್ಮಾನಿಸುವ ಅನುಭವ ಮುಂದೆ ಬರೆಯಲು ಹೊರಟ ಈ ಹುಡುಗಿಗೆ ಮೊದಲ ತರಗತಿಗಳಲ್ಲೇ ಆಯಿತು ಎಂಬುದನ್ನು ಮರೆಯಲಾಗದು.

1933ರಲ್ಲಿ ಶಾಲೆ ಮುಗಿಯಿತು. ಆರ್ಥಿಕ ಮುಗ್ಗಟ್ಟಿನ ಕಾಲ. ಮೂಲನಿವಾಸಿ ಹುಡುಗಿಗೆ ಬ್ರಿಸ್ಬೇನಿನ ಮನೆಗೆಲಸದ ಹೊರತು ಬೇರೆ ದಾರಿ ಇರಲಿಲ್ಲ. ದಾದಿಯಾಗಬೇಕೆಂದು ಕೇಳಿದಾಗ ಬಣ್ಣ ಅಡ್ಡ ಬಂತು. 1942ರ ಫೆಬ್ರುವರಿಯಲ್ಲಿ ಸಿಂಗಪುರ ಜಪಾನೀಯರ ವಶವಾದಾಗ ಸೆರೆಸಿಕ್ಕ ಆಸ್ಟ್ರೇಲಿಯದ ಸೈನಿಕರಲ್ಲಿ ಕ್ಯಾತ್ ಅವರ ಇಬ್ಬರು ಸೋದರರೂ ಇದ್ದರು. ಅದೇ ವರ್ಷ ಅವರು ಮಹಿಳಾ ಸೇನಾದಳಕ್ಕೆ ಸೇರಿದರು, ದೂರವಾಣಿ ವಿನಿಮಯ ಫಲಕದ ಮುಂದೆ ಕುಳಿತರು, ಲ್ಯಾನ್ಸ್ ಕಾರ್ಪೊರಲ್ ದರ್ಜೆಗೆ ಏರಿದರು. ಸಮವಸ್ತ್ರದೊಳಗೆ ಬಣ್ಣಕ್ಕೆ ಬೆಲೆ ಇರಲಿಲ್ಲ ಎಂಬ ಅನುಭವ ಅವರ ಮನಸ್ಸಿನಲ್ಲಿ ಆಳವಾಗಿ ಉಳಿಯಿತು. ಭೇದ ಪ್ರಕೃತಿ ನಿಯಮವಲ್ಲ, ಮನುಷ್ಯರು ಬರೆದ ನಿಯಮ, ಬೇಕೆಂದರೆ ಅಳಿಸಬಹುದಾದದ್ದು ಎಂಬುದಕ್ಕೆ ಅದು ಕಣ್ಣೆದುರಿನ ಪುರಾವೆ. ಸೇನೆಯ ಪುನರ್ವಸತಿ ಯೋಜನೆಯಲ್ಲಿ ಕಚೇರಿ ಕೆಲಸದ ತರಬೇತಿಯೂ ಸಿಕ್ಕಿತು. ಬಾಲ್ಯದ ಗೆಳೆಯ ಬ್ರೂಸ್ ವಾಕರ್ ಜೊತೆ ಮದುವೆಯಾಯಿತು. ಆ ದಾಂಪತ್ಯ ಬಹುಕಾಲ ಉಳಿಯಲಿಲ್ಲ. ಇಬ್ಬರು ಗಂಡುಮಕ್ಕಳನ್ನು ಸಾಕಲು ಮತ್ತೆ ಮನೆಗೆಲಸ, ಬಟ್ಟೆ ಒಗೆಯುವುದು, ಇಸ್ತ್ರಿ. ‘ಬಿಳಿಯ ಆಸ್ಟ್ರೇಲಿಯ’ ನೀತಿಯನ್ನು ವಿರೋಧಿಸಿದ ಪಕ್ಷ ಎಂಬ ಕಾರಣಕ್ಕೆ ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿದರು. ಸ್ವಲ್ಪ ಕಾಲದಲ್ಲೇ ಹೊರಬಂದರು. ಅದಕ್ಕೆ ಅವರು ಕೊಟ್ಟ ಕಾರಣ ಗಮನಿಸಬೇಕಾದದ್ದು: ತಮ್ಮ ಭಾಷಣಗಳನ್ನು ಪಕ್ಷದವರು ಬರೆದುಕೊಡಲು ಬಂದರು. ನೀತಿ ಒಪ್ಪಿಗೆಯಾಗಿತ್ತು, ಜೊತೆಗಾರರೂ ಒಳ್ಳೆಯವರೇ. ಆದರೂ ಅವರ ಮಾತನ್ನು ಇನ್ನೊಬ್ಬರು ಬರೆಯುವುದು ಆಗದ ಮಾತು. ಶತ್ರುವಿನ ಕಡತವನ್ನು ಒಲ್ಲೆ ಎಂದವರು ಮಿತ್ರನ ಕರಡನ್ನೂ ಒಲ್ಲೆ ಎಂದರು.

1960ರ ದಶಕದ ಮೊದಲಲ್ಲಿ ಅವರು ಮೂಲನಿವಾಸಿಗಳ ಮತ್ತು ಟಾರಸ್ ಜಲಸಂಧಿಯ ದ್ವೀಪವಾಸಿಗಳ ಏಳಿಗೆಗಾಗಿ ಕಟ್ಟಿದ ಒಕ್ಕೂಟ ಮಂಡಳಿಯ ಕ್ವೀನ್ಸ್‌ಲ್ಯಾಂಡ್ ಕಾರ್ಯದರ್ಶಿಯಾದರು. ಊರೂರು ಸುತ್ತಿ ಸಭೆಗಳಲ್ಲಿ ಮಾತನಾಡಿದರು. 1962ರಲ್ಲಿ ಅಡಿಲೇಡಿನಲ್ಲಿ ಸೇರಿದ ಮಂಡಳಿಯ ಸಮ್ಮೇಳನಕ್ಕೆ ಹಕ್ಕುಗಳ ಸನ್ನದನ್ನು ಅವರು ಒಯ್ದದ್ದು ಕವಿತೆಯ ರೂಪದಲ್ಲಿ. ಇದು ಬೇಕು, ಅದು ಬೇಡ ಎಂದು ಜೋಡಿ ಜೋಡಿಯಾಗಿ ಸಾಗುವ ಪ್ರಾಸಬದ್ಧ ಸಾಲುಗಳು. ಒಂದು ಕಡೆ ಕೊಡಬೇಕಾದದ್ದು, ಇನ್ನೊಂದು ಕಡೆ ಇದುವರೆಗೆ ಕೊಟ್ಟದ್ದು. ತಕ್ಕಡಿಯ ಎರಡು ತಟ್ಟೆಗಳಂತೆ ಅವು ಕೇಳುಗರ ಮುಂದೆ ತೂಗುತ್ತವೆ. ಮರುವರ್ಷ ಮಂಡಳಿಯ ನಿಯೋಗ ಪ್ರಧಾನಿ ರಾಬರ್ಟ್ ಮೆಂಜೀಸ್ ಅವರನ್ನು ಕಂಡಿತು. ಮಾತುಕತೆಯ ನಡುವೆ ಪ್ರಧಾನಿ ಅತಿಥಿಗಳಿಗೆ ಮದ್ಯ ನೀಡಲು ಮುಂದಾದರು. ಕ್ವೀನ್ಸ್‌ಲ್ಯಾಂಡಿನಲ್ಲಿ ಹೀಗೆ ಮೂಲನಿವಾಸಿಗೆ ಕುಡಿಯಲು ಕೊಟ್ಟಿದ್ದರೆ ನೀವು ಜೈಲಿಗೆ ಹೋಗಬಹುದಿತ್ತು ಎಂದು ಕ್ಯಾತ್ ತಿಳಿಸಿದರು. ಪ್ರಧಾನಿಗೆ ಗೊತ್ತಿರದ ಕಾನೂನು ಅದು. ತಾನು ಆಳುವ ಜನ ಯಾವ ಕಾನೂನಿನ ಕೆಳಗೆ ಉಸಿರಾಡುತ್ತಾರೆಂಬುದು ಆಳುವವನಿಗೇ ತಿಳಿಯದು, ಆಳಿಸಿಕೊಳ್ಳುವವರಿಗೆ ಅಕ್ಷರಕ್ಷರ ತಿಳಿದಿರುತ್ತದೆ. ಕವಿತೆಯ ತಕ್ಕಡಿಯೂ ಈ ಮಾತೂ ಒಂದೇ ಕೈಯವು. ನೀವು ಬರೆದಿಟ್ಟದ್ದನ್ನು ನಿಮಗೇ ಓದಿ ಹೇಳುತ್ತೇನೆ ಎಂಬ ಧಾಟಿ ಎರಡರಲ್ಲೂ ಇದೆ.

ಈಗ ಆಕ್ಷೇಪಕ್ಕೆ ಬರೋಣ. ಇದೆಲ್ಲ ಸರಿ, ಹೋರಾಟಕ್ಕೆ ಬೇಕಾದ ಘೋಷಣೆಗಳು. ಘೋಷಣೆ ಕಾವ್ಯವಾಗುವುದು ಹೇಗೆ ಎಂದು ವಿಮರ್ಶಕರು ಕೇಳಿದರು. ಈ ಪ್ರಶ್ನೆಯನ್ನು ತಳ್ಳಿಹಾಕುವ ಅಗತ್ಯವಿಲ್ಲ. ಅವರ ಕೆಲವು ಕವಿತೆಗಳು ಸಭೆಯಲ್ಲಿ ಓದಲೆಂದೇ ಬರೆದವು, ಸಭೆ ಮುಗಿದ ಮೇಲೆ ಸ್ವಲ್ಪ ಮಂಕಾಗುತ್ತವೆ. ತಮ್ಮ ಬರವಣಿಗೆ ಸರಳ, ಘೋಷಣೆಯ ಧಾಟಿಯದು ಎಂದು ಅವರೇ ಒಪ್ಪಿಕೊಂಡಿದ್ದರು. ಆದರೆ ಸರಳತೆಯನ್ನು ಅಸಾಮರ್ಥ್ಯ ಎಂದು ಓದುವವರು ಅವರ ಉಳಿದ ಕವಿತೆಗಳನ್ನು ಬಿಟ್ಟು ಓದಿರಬೇಕು. ನಗರಸಭೆಯ ನೀಲಗಿರಿ ಮರದ ಮೇಲೆ ಒಂದು ಕವಿತೆಯಿದೆ. ಆಸ್ಟ್ರೇಲಿಯದ ಕಾಡಿನಲ್ಲಿ ಗಗನಕ್ಕೆ ಬೆಳೆಯಬೇಕಾದ ಮರ ನಗರದ ಬೀದಿಯಲ್ಲಿ, ಬುಡದ ಸುತ್ತ ಡಾಂಬರು ಬಿಗಿದುಕೊಂಡು ನಿಂತಿದೆ. ಕವಿ ಅದನ್ನು ಬೀಜ ಒಡೆದು ಗಾಡಿಗೆ ಹೂಡಿದ ಕುದುರೆಗೆ ಹೋಲಿಸುತ್ತಾರೆ. ಮೈಬಗ್ಗಿ ತಲೆ ಜೋಲಿದ ಮರದ ದುಃಖವನ್ನು ಮೈಯಲ್ಲೇ ಹಿಡಿದು ತೋರಿಸುತ್ತಾರೆ. ಇಡೀ ಕವಿತೆಯಲ್ಲಿ ಮೂಲನಿವಾಸಿ ಎಂಬ ಪದವಿಲ್ಲ, ಕಾನೂನಿನ ಸುದ್ದಿಯಿಲ್ಲ. ಕೊನೆಗೆ ಕವಿತೆ ಒಂದು ಪುಟ್ಟ ಹೆಜ್ಜೆ ಇಡುತ್ತದೆ: ಅದುವರೆಗೆ ಮರವನ್ನು ‘ನೀನು’ ಎಂದು ಮಾತನಾಡಿಸುತ್ತಿದ್ದ ದನಿ ಮರವನ್ನೂ ತನ್ನನ್ನೂ ‘ನಾವು’ ಎಂಬುದಕ್ಕೆ ಸೇರಿಸಿಕೊಳ್ಳುತ್ತದೆ. ಒಂದು ಸರ್ವನಾಮ ಹೊರಳಿದ್ದಷ್ಟೇ. ಓದುಗ ತಾನು ಇದುವರೆಗೆ ನೋಡುತ್ತಿದ್ದುದು ಮರವನ್ನಲ್ಲ ಎಂದು ತಿಳಿಯುತ್ತಾನೆ. ಇದನ್ನು ಪ್ರಚಾರ ಎನ್ನುವುದಾದರೆ ಪ್ರಚಾರಕ್ಕೆ ಇಷ್ಟು ಸಂಯಮ ಬೇಕಿರಲಿಲ್ಲ. ಅಪ್ಪನಿಗೆ ಪೂಜ್ಯವಾದ, ಅಮ್ಮನಿಗೆ ಕಂಡರಾಗದ ಕಾರ್ಪೆಟ್ ಹಾವು ಒಂದೇ ಸೂರಿನಡಿ ಸಂಸಾರ ನಡೆಸಿದ ಪ್ರಸಂಗವನ್ನು ಲಾವಣಿಯ ಧಾಟಿಯಲ್ಲಿ ಹೇಳಿ ನಗಿಸುವ ಕವಿಯೂ ಇವರೇ. ನಗಲು ಬಲ್ಲವರು, ಮೌನವಾಗಿರಲು ಬಲ್ಲವರು ಸಭೆಯಲ್ಲಿ ಗಟ್ಟಿಯಾಗಿ ನುಡಿದರೆ ಅದು ಬೇಕೆಂದೇ ಆರಿಸಿಕೊಂಡ ದನಿ.

ಯಾಕೆ ಆರಿಸಿಕೊಂಡರು ಎಂಬುದಕ್ಕೆ ಉತ್ತರ ಅವರ ಕೇಳುಗರಲ್ಲಿದೆ. ಅವರ ತಾಯಿಯಂತೆ ಓದಲಾರದವರು, ಮಿಷನ್ನುಗಳಲ್ಲಿ ಅರೆಬರೆ ಓದಿದವರು, ಕಿವಿಯಿಂದ ಮಾತ್ರ ಕವಿತೆಯನ್ನು ಬಲ್ಲವರು. ಕಿವಿಯ ಮೂಲಕ ಹೋಗುವ ಕವಿತೆಗೆ ಪ್ರಾಸ ಬೇಕು, ಲಯ ಬೇಕು, ಒಮ್ಮೆ ಕೇಳಿದರೆ ನೆನಪಿನಲ್ಲಿ ನಿಲ್ಲುವ ಕಟ್ಟು ಬೇಕು. ಇಲ್ಲಿ ಇನ್ನೊಂದು ಆಕ್ಷೇಪ ಎದುರಾಗುತ್ತದೆ, ಮೊದಲಿನದಕ್ಕಿಂತ ಗಂಭೀರವಾದದ್ದು: ಆ ಪ್ರಾಸ, ಆ ಲಯ, ಆ ಭಾಷೆ ಎಲ್ಲ ಇಂಗ್ಲಿಷರದ್ದಲ್ಲವೇ? ಬಿಳಿಯರು ಕಾಲಿಡುವಾಗ ಆ ಖಂಡದಲ್ಲಿ 250ಕ್ಕೂ ಮಿಕ್ಕಿ ಭಾಷೆಗಳಿದ್ದವು; ಅವುಗಳ ಬಾಯಿ ಮುಚ್ಚಿಸಿದ ಭಾಷೆಯಲ್ಲೇ ಹಾಡಿದರೆ ಅದು ಗೆದ್ದವರ ಗೆಲುವನ್ನು ಒಪ್ಪಿಕೊಂಡಂತಲ್ಲವೇ? ಈ ನೋವು ನಿಜ, ಅದಕ್ಕೆ ಪೂರ್ತಿ ಸಮಾಧಾನವಿಲ್ಲ. ಆದರೂ ಎರಡು ಮಾತು ಹೇಳಬೇಕು. ಕಡತಗಳು ಇದ್ದದ್ದು ಇಂಗ್ಲಿಷಿನಲ್ಲಿ. ಆ ಕಡತಗಳಿಗೆ ಉತ್ತರ ಕೊಡಬೇಕಾದರೆ ಅವು ಓದಬಲ್ಲ ಭಾಷೆಯಲ್ಲೇ ಕೊಡಬೇಕು. ಎರಡನೆಯದಾಗಿ, ಬೇರೆ ಬೇರೆ ನಾಡುಗಳಿಂದ ಕಿತ್ತು ತಂದು ಒಂದೇ ಮಿಷನ್ನಿನಲ್ಲಿ ಕೂಡಿಹಾಕಿದ ಜನಕ್ಕೆ ಪರಸ್ಪರ ಮಾತನಾಡಲು ಉಳಿದದ್ದೇ ಆ ಭಾಷೆ. ಒಬ್ಬ ನೂನಕಲ್ ಹೆಂಗಸು ಖಂಡದ ಇನ್ನೊಂದು ತುದಿಯ ಮೂಲನಿವಾಸಿಗೆ ‘ನಾವು’ ಎನ್ನಲು ಸಾಧ್ಯವಾದದ್ದು ಇಂಗ್ಲಿಷಿನಿಂದ. ಅವರಿಗಿಂತ ಮೊದಲು, 1929ರಲ್ಲಿ, ಮೂಲನಿವಾಸಿ ಲೇಖಕ ಡೇವಿಡ್ ಯುನೈಪನ್ ತಮ್ಮ ಜನರ ಪುರಾಣಕತೆಗಳ ಒಂದು ಪುಸ್ತಿಕೆ ಪ್ರಕಟಿಸಿದ್ದರು. ಊಡ್ಜರೂ ಅದೇ ಭಾಷೆಯನ್ನು ಪುರಾಣದ ಜೊತೆಗೆ ಪ್ರಶ್ನೆಗೂ ಬಳಸಿದರು.

ಸಂಕಲನಕ್ಕೆ ಹೆಸರು ಕೊಟ್ಟ ಕವಿತೆಯ ಮೇಲೂ ಒಂದು ದೂರು ಇದೆ. ನಾವು ಹೊರಟಿದ್ದೇವೆ ಎಂದರೆ ನಾವು ಅಳಿಯುತ್ತಿದ್ದೇವೆ ಎಂದಲ್ಲವೇ? ಮೂಲನಿವಾಸಿಗಳು ಕಾಲದ ಓಟದಲ್ಲಿ ತಾವಾಗಿಯೇ ನಶಿಸುವ ಕುಲ ಎಂಬುದು ಬಿಳಿಯರಿಗೆ ಬಲು ಅನುಕೂಲವಾದ ನಂಬಿಕೆಯಾಗಿತ್ತು. ಸಾಯುವವರ ಜಮೀನು ಯಾರದ್ದು ಎಂದು ಕೇಳುವವರಿರುವುದಿಲ್ಲ. ಆ ನಂಬಿಕೆಗೆ ಈ ಕವಿತೆ ಶೋಕಗೀತೆ ಹಾಡಿ ಮುದ್ರೆ ಒತ್ತಿತೇ? ಹಲವು ಬಿಳಿಯ ಓದುಗರು ಹಾಗೆಯೇ ಓದಿ ಕಣ್ಣೀರು ಒರೆಸಿಕೊಂಡರು. ಕವಿತೆಯ ಕಟ್ಟಡವನ್ನು ನೋಡಿದರೆ ಬೇರೆಯದೇ ಕಾಣುತ್ತದೆ. ಅಳಿದುಳಿದ ಒಂದು ಸಣ್ಣ ಗುಂಪು ತಮ್ಮ ಹಳೆಯ ಬೋರಾ ಬಯಲಿಗೆ, ಅಂದರೆ ಹುಡುಗರಿಗೆ ದೀಕ್ಷೆ ಕೊಡುತ್ತಿದ್ದ ಪವಿತ್ರ ವೃತ್ತಕ್ಕೆ ಬರುತ್ತದೆ. ಅಲ್ಲೀಗ ಪಟ್ಟಣ ಬೆಳೆದಿದೆ, ವೃತ್ತದ ಮೇಲೆ ಕಸ ಬಿದ್ದಿದೆ. ಕವಿತೆ ಅವರನ್ನು ದೂರದಿಂದ ‘ಅವರು’ ಎಂದೇ ತೋರಿಸುತ್ತಾ ಹೋಗುತ್ತದೆ, ನೋಡುವ ಕಣ್ಣು ಪಟ್ಟಣದ್ದೋ ಎಂಬಂತೆ. ಮನಸ್ಸಿನಲ್ಲಿರುವುದನ್ನು ಹೇಳಲು ಅವರಿಗೆ ಆಗುತ್ತಿಲ್ಲ ಎನ್ನುತ್ತದೆ. ಆ ಕ್ಷಣಕ್ಕೆ ‘ಅವರು’ ಹೋಗಿ ‘ನಾವು’ ಬರುತ್ತದೆ. ಹೇಳಲಾಗದ್ದನ್ನು ಕವಿತೆ ಹೇಳತೊಡಗುತ್ತದೆ. ಈ ಬಯಲು, ಈ ಕುಣಿತ, ಈ ಕಟ್ಟಳೆ ಎಲ್ಲ ನಾವೇ ಎಂದು ಒಂದೊಂದಾಗಿ ಹೆಸರಿಸುತ್ತದೆ. ಹೋದದ್ದರ ಪಟ್ಟಿ ಮುಗಿಯುವ ಹೊತ್ತಿಗೆ, ಪಟ್ಟಿ ಮಾಡುತ್ತಿರುವವರು ಇಲ್ಲೇ ನಿಂತಿದ್ದಾರೆ ಎಂಬುದು ಓದುಗನಿಗೆ ತಟ್ಟಬೇಕು. ಸಾವಿನ ಸುದ್ದಿಯನ್ನು ಸತ್ತವರೇ ಬಂದು ಹೇಳಿದರೆ ಅದು ಸಾವಿನ ಸುದ್ದಿಯಲ್ಲ, ಎಚ್ಚರಿಕೆ. ಎರಡೇ ವರ್ಷಕ್ಕೆ ಬಂದ ಮುಂದಿನ ಸಂಕಲನದ ಹೆಸರು ‘ದ ಡಾನ್ ಈಸ್ ಅಟ್ ಹ್ಯಾಂಡ್’, ಮುಂಜಾವು ಹತ್ತಿರವಿದೆ ಎಂದು. ಅಳಿಯುವವರು ಮುಂಜಾವಿನ ಮಾತಾಡುವುದಿಲ್ಲ.

ಆ ಮುಂಜಾವು 1967ರ ಮೇ 27ರಂದು ಬಂತೆಂದು ಅನೇಕರು ನಂಬಿದರು. ಅಂದು ನಡೆದ ಜನಮತಗಣನೆಯಲ್ಲಿ ಶೇ. 90.77 ಮತದಾರರು ಸಂವಿಧಾನದ ತಿದ್ದುಪಡಿಗೆ ಹೌದು ಎಂದರು. ಇದರಿಂದ ಮೂಲನಿವಾಸಿಗಳಿಗೆ ಮತದಾನದ ಹಕ್ಕು ಸಿಕ್ಕಿತು ಎಂದು ಈಗಲೂ ಹೇಳುವವರಿದ್ದಾರೆ, ಅದು ಸರಿಯಲ್ಲ. ಕೇಂದ್ರ ಚುನಾವಣೆಯ ಮತಾಧಿಕಾರ 1962ರಲ್ಲೇ ಬಂದಿತ್ತು, ಕ್ವೀನ್ಸ್‌ಲ್ಯಾಂಡ್ ಎಲ್ಲ ಪ್ರಾಂತ್ಯಗಳಿಗಿಂತ ಕೊನೆಯಲ್ಲಿ, 1965ರಲ್ಲಿ, ತನ್ನ ಚುನಾವಣೆಗಳಿಗೂ ಅದನ್ನು ಕೊಟ್ಟಿತ್ತು. 1967ರಲ್ಲಿ ಆದದ್ದು ಎರಡು ಕೆಲಸ. ಮೂಲನಿವಾಸಿಗಳ ಕುರಿತು ಕಾನೂನು ಮಾಡುವ ಅಧಿಕಾರ ಕೇಂದ್ರಕ್ಕೂ ಬಂತು. ದೇಶದ ಜನಸಂಖ್ಯೆಯನ್ನು ಲೆಕ್ಕಹಾಕುವಾಗ ಅವರನ್ನು ಬಿಡಬೇಕೆಂದಿದ್ದ ಕಲಮು ಹೋಯಿತು. ಅದಕ್ಕಾಗಿ ವರ್ಷಗಟ್ಟಲೆ ಊರೂರು ಅಲೆದವರಲ್ಲಿ ಕ್ಯಾತ್ ವಾಕರ್ ಮುಂದಿನ ಸಾಲಿನವರು. ಆದರೆ ಭೂಮಿ ಬರಲಿಲ್ಲ, ಕೂಲಿ ಬರಲಿಲ್ಲ, ಬದುಕು ಅದೇ ಬದುಕು. ಇದನ್ನು ತೋರಿಸಿ, ಕವಿತೆ ಬರೆದು ಮತ ಕೇಳಿ ಏನು ಸಾಧಿಸಿದಂತಾಯಿತು ಎಂದು ಕೇಳಬಹುದು. 2023ರ ಅಕ್ಟೋಬರಿನಲ್ಲಿ ಸಂಸತ್ತಿಗೆ ಸಲಹೆ ನೀಡುವ ಮೂಲನಿವಾಸಿಗಳ ದನಿಯೊಂದನ್ನು ಸಂವಿಧಾನದಲ್ಲಿ ಸೇರಿಸುವ ಪ್ರಸ್ತಾವ ಎಲ್ಲ ಪ್ರಾಂತ್ಯಗಳಲ್ಲೂ ಸೋತದ್ದನ್ನು ಅದರ ಜೊತೆಗೆ ಇಡಬಹುದು. ನನಗೆ ಇವೆರಡರ ನಡುವಿನ ವ್ಯತ್ಯಾಸವೇ ಪಾಠವೆನಿಸುತ್ತದೆ. ಇವರನ್ನೂ ಲೆಕ್ಕಕ್ಕೆ ಸೇರಿಸಿ ಎಂದಾಗ ನೂರರಲ್ಲಿ ತೊಂಬತ್ತು ಜನ ಒಪ್ಪಿದರು. ಇವರ ಮಾತನ್ನೂ ಕೇಳಿ ಎಂದಾಗ ಹೆಚ್ಚಿನವರು ಒಪ್ಪಲಿಲ್ಲ. ಎಣಿಸಿಕೊಳ್ಳುವುದು ಸುಲಭ, ಕೇಳಿಸಿಕೊಳ್ಳುವುದು ಕಷ್ಟ. ಊಡ್ಜರೂ ಇದನ್ನು ಬಹು ಬೇಗ ಕಂಡುಕೊಂಡರು ಎಂಬುದಕ್ಕೆ ಅವರ ಮುಂದಿನ ಹೆಜ್ಜೆಯೇ ಸಾಕ್ಷಿ.

1970ರಲ್ಲಿ ಒಕ್ಕೂಟ ಮಂಡಳಿ ಒಡೆಯಿತು. ಮೂಲನಿವಾಸಿಗಳ ಮಂಡಳಿಯನ್ನು ಮೂಲನಿವಾಸಿಗಳೇ ನಡೆಸಬೇಕು ಎಂಬ ಬೇಡಿಕೆಗೆ ಸೋಲಾದಾಗ ಅವರು ಹೊರನಡೆದು, ರಾಷ್ಟ್ರೀಯ ಬುಡಕಟ್ಟು ಪರಿಷತ್ತು ಕಟ್ಟಿದವರ ಜೊತೆ ನಿಂತರು. ಪಕ್ಷದ ಕರಡು ಭಾಷಣವನ್ನು ಒಲ್ಲೆ ಎಂದ ಅದೇ ನಿಲುವು, ಈಗ ದೊಡ್ಡ ಪ್ರಮಾಣದಲ್ಲಿ. ಸ್ವಲ್ಪ ಸಮಯದಲ್ಲೇ ಮಿಂಜೆರಿಬಾಕ್ಕೆ ಮರಳಿ ಮೂಂಗಲ್ಬಾ ಎಂಬ ಜಾಗದಲ್ಲಿ ನೆಲೆಸಿದರು. ಹೆಸರಿನ ಅರ್ಥ ಕೂತುಕೊಳ್ಳುವ ತಾಣ. ವಾಸಕ್ಕೆ ಒಂದು ಕ್ಯಾರವಾನ್, ಸುತ್ತ ಮರಗಳು, ಎದುರಿಗೆ ಕೊಲ್ಲಿ. ಅಲ್ಲಿಗೆ ವರ್ಷವರ್ಷ ಶಾಲೆಯ ಮಕ್ಕಳು ಬಂದರು, ಕರಿಯರು, ಬಿಳಿಯರು, ವಲಸಿಗರ ಮಕ್ಕಳು, ಒಟ್ಟು ಸಾವಿರಾರು. ಗುಡಾರದಲ್ಲಿ ಮಲಗಿದರು, ಮೀನು ಹಿಡಿದರು, ಚಿಪ್ಪು ಆರಿಸಿದರು, ಯಾವುದು ತಿನ್ನುವ ಗೆಡ್ಡೆ ಯಾವುದು ಅಲ್ಲ ಎಂದು ಕಲಿತರು, ರಾತ್ರಿ ಬೆಂಕಿಯ ಸುತ್ತ ಕತೆ ಕೇಳಿದರು. ಇದನ್ನು ಹಿಂಜರಿಕೆ ಎಂದವರಿದ್ದಾರೆ: ಭೂಮಿಯ ಹಕ್ಕಿಗಾಗಿ ಹೊಸ ತಲೆಮಾರು ಬೀದಿಗಿಳಿದು, 1972ರಲ್ಲಿ ಕ್ಯಾನ್‌ಬೆರಾದ ಸಂಸತ್ತಿನ ಎದುರು ಗುಡಾರ ಹೂಡಿ ಕೂತಾಗ ಹಿರಿಯ ಹೋರಾಟಗಾರ್ತಿ ದ್ವೀಪ ಸೇರಿಕೊಂಡರು ಎಂದು. ಕಾಲವನ್ನು ಸ್ವಲ್ಪ ಉದ್ದಕ್ಕೆ ಎಳೆದು ನೋಡಿದರೆ ಈ ದೂರು ನಿಲ್ಲುವುದಿಲ್ಲ. ದೊಡ್ಡವರ ಮತ ಕೇಳಿ ಬೇಸತ್ತವರು ಮಕ್ಕಳ ಮನಸ್ಸಿಗೆ ಕೈಹಾಕಿದರು. ಅದುವರೆಗೆ ಮೂಲನಿವಾಸಿಗಳ ಬಗ್ಗೆ ಪಠ್ಯಪುಸ್ತಕದಲ್ಲಿ ಓದಿದ್ದ ಮಕ್ಕಳು ಇಲ್ಲಿ ಮೂಲನಿವಾಸಿ ಅಜ್ಜಿಯಿಂದಲೇ ಪಾಠ ಹೇಳಿಸಿಕೊಂಡರು. ಕಡತ ತಿರುಗಿ ಬರೆಯುವ ಕೆಲಸ ಇಲ್ಲಿ ನಿಂತಿರಲಿಲ್ಲ, ಮುಂದಿನ ಪೀಳಿಗೆಯ ಮೇಲೆ ನಡೆಯುತ್ತಿತ್ತು. ಇಷ್ಟಾದರೂ ಆ ನೆಲ ಅವರ ಹೆಸರಿಗೆ ಆಗಲಿಲ್ಲ. ಪೂರ್ವಜರ ನೆಲದಲ್ಲಿ ಅವರು ಸರ್ಕಾರದ ಗುತ್ತಿಗೆದಾರರಾಗಿಯೇ ಉಳಿದರು.

ಬರವಣಿಗೆ ಅವರಿಗೆ ಎಂಥ ಆಸರೆಯಾಗಿತ್ತು ಎಂಬುದಕ್ಕೆ 1974ರ ನವೆಂಬರಿನ ಒಂದು ಘಟನೆ ಸಾಕು. ನೈಜೀರಿಯದಲ್ಲಿ ಕರಿಯರ ಕಲಾ ಉತ್ಸವದ ಪೂರ್ವಸಭೆ ಮುಗಿಸಿ ಊರಿಗೆ ಮರಳುವಾಗ ಅವರಿದ್ದ ವಿಮಾನವನ್ನು ದುಬೈನಲ್ಲಿ ಬಂದೂಕುಧಾರಿಗಳು ಅಪಹರಿಸಿದರು. ವಿಮಾನ ಕೊನೆಗೆ ಟ್ಯುನಿಸ್ ತಲುಪಿತು. ದಿನಗಟ್ಟಲೆ ಒತ್ತೆಯಾಳಾಗಿ ಕುಳಿತವರ ಕಣ್ಣೆದುರಿಗೆ ಒಬ್ಬ ಪ್ರಯಾಣಿಕನ ಕೊಲೆಯಾಯಿತು. ಆ ಹೊತ್ತಿನಲ್ಲಿ ಅವರು ಕೈಗೆ ಸಿಕ್ಕ ಕಾಗದದ ಮೇಲೆ ಕವಿತೆ ಬರೆದರು. ಸಿಕ್ಕ ಕಾಗದ ಯಾವುದು? ವಾಂತಿ ಬಂದರೆ ಇರಲೆಂದು ಪ್ರತಿ ಆಸನದ ಮುಂದೆ ಇಟ್ಟಿರುವ ಚೀಲ. ಅವುಗಳಲ್ಲಿ ಒಂದು ಕವಿತೆ ಬಂದೂಕು ಹಿಡಿದ ಯುವಕನನ್ನೇ ಕುರಿತದ್ದು. ತಮ್ಮ ಪ್ರಾಣ ಯಾರ ಬೆರಳಿನ ತುದಿಯಲ್ಲಿತ್ತೋ ಅವನನ್ನೂ ಒಬ್ಬ ಮನುಷ್ಯನಾಗಿ ನೋಡುವ ಪ್ರಯತ್ನ ಅದರಲ್ಲಿದೆ. ತಮ್ಮವರ ಬಗ್ಗೆ ಬರೆದ ಕಡತಗಳಲ್ಲಿ ಎಂದೂ ಕಾಣದ ಈ ಕನಿಕರ ಅವರ ಲೇಖನಿಯಲ್ಲಿ ಇತ್ತು. ಬರೆಯುವ ಹಕ್ಕು ಸಿಕ್ಕಾಗ ಅದನ್ನು ಸೇಡಿಗೆ ಬಳಸಲಿಲ್ಲ ಎಂಬುದು ಅವರನ್ನು ದೊಡ್ಡವರನ್ನಾಗಿಸಿತು.

1970ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಎಂ.ಬಿ.ಇ. ಗೌರವ ಅವರಿಗೆ ಸಂದಿತ್ತು. 1987ರಲ್ಲಿ ಅದನ್ನು ಹಿಂತಿರುಗಿಸಿದರು. ಮರುವರ್ಷ, 1788ರ ಜನವರಿ 26ರಂದು ಬ್ರಿಟಿಷ್ ಹಡಗುಗಳು ಸಿಡ್ನಿಯ ದಡ ಮುಟ್ಟಿದ್ದರ 200ನೇ ವರ್ಷವನ್ನು ದೇಶ ಸಂಭ್ರಮದಿಂದ ಆಚರಿಸಲು ಹೊರಟಿತ್ತು. ಅದು ತಮ್ಮ ಜನಕ್ಕೆ ಸಂಭ್ರಮವಲ್ಲ, ಅವಮಾನ ಎಂಬುದು ಅವರ ನಿಲುವು. ಅದೇ ಹೊತ್ತಿಗೆ ಕ್ಯಾತ್ ವಾಕರ್ ಎಂಬ ಹೆಸರನ್ನೂ ಬಿಟ್ಟು ಊಡ್ಜರೂ ನೂನಕಲ್ ಆದರು. ಹದಿನೇಳು ವರ್ಷ ಇಟ್ಟುಕೊಂಡ ಪದಕವನ್ನು ಆಗ ಕೊಟ್ಟರೆ ಅದು ಪ್ರದರ್ಶನವಲ್ಲವೇ, ಮೊದಲಿಗೇ ಬೇಡವೆನ್ನಬಹುದಿತ್ತಲ್ಲ ಎಂದು ಕೇಳುವವರಿಗೆ ಉತ್ತರ ಆ ಹದಿನೇಳು ವರ್ಷಗಳಲ್ಲೇ ಇದೆ. 1970ರಲ್ಲಿ ಅವರಿಗೆ ಇನ್ನೂ ಆಸೆಯಿತ್ತು. ದೊರೆತನದ ಗೌರವವೊಂದು ತಮ್ಮವರಿಗೆ ಕದ ತೆರೆಯಬಹುದೆಂಬ ಆಸೆ. ಕದ ತೆರೆಯಲಿಲ್ಲ. ಕಾದು ನೋಡಿ ಕೊಟ್ಟದ್ದು ಆತುರದಲ್ಲಿ ಒಲ್ಲೆ ಎಂದದ್ದಕ್ಕಿಂತ ಹೆಚ್ಚು ತೂಕದ್ದು.

ಹೆಸರಿನ ವಿಷಯಕ್ಕಂತೂ ಪ್ರದರ್ಶನದ ಮಾತು ಹತ್ತಿರ ಸುಳಿಯದು. ಊಡ್ಜರೂ ಎಂದರೆ ಪೇಪರ್‌ಬಾರ್ಕ್ ಮರ. ಜವುಗಿನಲ್ಲಿ ಬೆಳೆಯುವ ಈ ಮರದ ತೊಗಟೆ ಬೆಳ್ಳಗೆ, ಮೆತ್ತಗೆ, ಪದರ ಪದರವಾಗಿ ಕಾಗದದಂತೆ ಸುಲಿದು ಬರುತ್ತದೆ. ಈ ಹೆಸರು 1987ರಲ್ಲಿ ಹುಟ್ಟಿದ್ದಲ್ಲ. 1972ರಲ್ಲಿ ಅವರು ಪ್ರಕಟಿಸಿದ ‘ಸ್ಟ್ರಾಡ್‌ಬ್ರೋಕ್ ಡ್ರೀಮ್‌ಟೈಮ್’ ಎಂಬ ಕತೆಗಳ ಪುಸ್ತಕದಲ್ಲಿ ಅದೇ ಹೆಸರಿನ ಕತೆ ಇದೆ. ತನ್ನ ಕುಲವನ್ನೂ ಕುಲದ ಕತೆಗಳನ್ನೂ ಕಳೆದುಕೊಂಡು ಹಂಬಲಿಸುವ ಹೆಂಗಸೊಬ್ಬಳಿಗೆ, ಈ ಮರದ ತೊಗಟೆಯನ್ನು ಕೂಡಿಸು, ನಿನ್ನವರ ಹಳೆಯ ಬೆಂಕಿಗುಂಡಿಗಳಲ್ಲಿ ಉಳಿದ ಕೊಳ್ಳಿಯ ಇದ್ದಿಲನ್ನು ತೆಗೆದುಕೋ, ಬರೆ ಎಂದು ದೇವಾತ್ಮ ದಾರಿ ತೋರುತ್ತದೆ. ಆರಿದ ಬೆಂಕಿಯೇ ಲೇಖನಿ, ಸುಲಿದ ತೊಗಟೆಯೇ ಹಾಳೆ. ಬರೆಯುತ್ತಾ ಬರೆಯುತ್ತಾ ಆಕೆ ತನ್ನವರನ್ನು ಸೇರುತ್ತಾಳೆ. ಕತೆಯ ಹೆಂಗಸಿಗೆ ಕೊಟ್ಟ ಹೆಸರನ್ನು ಹದಿನೈದು ವರ್ಷಗಳ ನಂತರ ಬರೆದವರೇ ಧರಿಸಿದರು. ಹಾಗಾಗಿ ಆ ಹೆಸರು ಬೇರಿಗೆ ಮರಳಿದ ಗುರುತಿನ ಜೊತೆಗೆ ಕಸುಬಿನ ಗುರುತೂ ಹೌದು, ಕಾಗದವೇ ಕುಲವಾದವಳ ಹೆಸರು. ತಾಯಿಗೆ ಯಾವ ಕಾಗದವನ್ನು ಓದಲು ಬಿಡಲಿಲ್ಲವೋ ಅದನ್ನು ಮಗಳು ತನ್ನ ನೆಲದ ಮರದಿಂದಲೇ ಸುಲಿದುಕೊಂಡಳು.

1993ರ ಸೆಪ್ಟೆಂಬರ್ 16ರಂದು ಅವರು ತೀರಿಕೊಂಡರು. ಮಣ್ಣಾದದ್ದು ಮೂಂಗಲ್ಬಾದಲ್ಲಿ, ಬದುಕಿದ್ದಾಗ ಹೆಸರಿಗೆ ಬಾರದ ನೆಲದಲ್ಲೇ. 2011ರ ಜುಲೈ 4ರಂದು ಆಸ್ಟ್ರೇಲಿಯದ ಫೆಡರಲ್ ನ್ಯಾಯಾಲಯ ಮಿಂಜೆರಿಬಾದ ಬಹುಭಾಗದ ಮೇಲೆ ಕ್ವಾಂಡಮೂಕ ಜನರ ಮೂಲಹಕ್ಕು ಇದೆ ಎಂದು ಮಾನ್ಯ ಮಾಡಿತು. ಆ ತೀರ್ಪನ್ನು ಒಬ್ಬ ಕವಿಯ ಗೆಲುವೆಂದು ಹೇಳಿದರೆ ಅತಿಯಾದೀತು. ಅದರ ಹಿಂದೆ ಅನೇಕರ ದುಡಿಮೆಯಿದೆ, ಮೂಲನಿವಾಸಿಗಳ ನೆಲದ ಹಕ್ಕನ್ನು ಒಪ್ಪಿದ 1992ರ ಮಾಬೋ ತೀರ್ಪಿನ ಬಲವಿದೆ. ಆದರೆ ಅಂಥ ತೀರ್ಪು ಬರಬೇಕಾದರೆ ನ್ಯಾಯಾಲಯದ ಮುಂದೆ ಒಂದು ಜನ ನಿಂತು, ನಾವು ಇಲ್ಲಿದ್ದೆವು, ಇದ್ದೇವೆ, ನಮ್ಮ ಕಟ್ಟಳೆ ಇದು, ನಮ್ಮ ಹೆಸರು ಇದು ಎಂದು ಹೇಳಬೇಕಾಗುತ್ತದೆ. 1964ರ ಆ ತೆಳ್ಳನೆಯ ಪುಸ್ತಕದ ಹೆಸರಿನ ಮೊದಲ ಪದವೂ ‘ನಾವು’ ಎಂದೇ ಇತ್ತು.